ಕಳೆಯುವ ಚಿಹ್ನೆ ಎಲ್ಲಿಂದ ಬಂತು?



ವಾರ್ಷಿಕ ವರದಿಯ ಲೆಕ್ಕಪತ್ರಕ್ಕೂ ವಿದ್ಯಾರ್ಥಿವೇತನದ ಪ್ರಕಟಣೆಗೂ ನಡುವೆ ಒಂದು ಪಾಠಕ್ಕೆ ಜಾಗ ಇಡುವುದು ನಮ್ಮ ರೂಢಿ. ಈ ಸಲ ಕಲನಶಾಸ್ತ್ರದ ಒಂದು ಸಣ್ಣ ನಿಯಮವನ್ನು ಆರಿಸಿಕೊಂಡಿದ್ದೇವೆ. ಕಾಲೇಜಿನಲ್ಲಿ ಅದನ್ನು ಕೋಷಂಟ್ ರೂಲ್ ಎನ್ನುತ್ತಾರೆ, ಕನ್ನಡದಲ್ಲಿ ಭಾಗಲಬ್ಧ ನಿಯಮ. ಪ್ರಥಮ ಪಿಯುಸಿಯ ಗಣಿತದಲ್ಲಿ ಬರುವ ನಿಯಮವಿದು. ದ್ವಿತೀಯ ಪಿಯುಸಿಯಲ್ಲೂ ಸಿಇಟಿಯಲ್ಲೂ ಬೆನ್ನು ಬಿಡುವುದಿಲ್ಲ. ಸಂಜೆ ತರಗತಿಯಲ್ಲಿ ನಾವು ನೋಡುವ ನೋಟ್ ಪುಸ್ತಕಗಳಲ್ಲಿ ಕೆಂಪು ಶಾಯಿ ಹೆಚ್ಚಾಗಿ ಬೀಳುವುದು ಇದೇ ಜಾಗದಲ್ಲಿ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನಾವು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹತ್ತನೇ ತರಗತಿಯವರೆಗೆ ಕಲನಶಾಸ್ತ್ರ ಇಲ್ಲ. ನಿವೃತ್ತಿಯ ನಂತರ ಪಿಯು ಮಕ್ಕಳಿಗೆ ಪಾಠ ಹೇಳಲು ಕುಳಿತಾಗ, ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದನ್ನೇ ಅವರಿಗೂ ಬಾಯಿಪಾಠ ಮಾಡಿಸಿದೆವು. “ವಿ ಇಂಟು ಯು ಡ್ಯಾಶ್, ಮೈನಸ್ ಯು ಇಂಟು ವಿ ಡ್ಯಾಶ್, ಬೈ ವಿ ಸ್ಕ್ವೇರ್.” ಮಕ್ಕಳು ಮಗ್ಗಿಯಂತೆ ಹಾಡುತ್ತಿದ್ದರು. ನಮಗೂ ಸಮಾಧಾನವಾಗಿತ್ತು.

ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಗುಣಾಕಾರದ ನಿಯಮದಲ್ಲಿ ಕೂಡಿಸ್ತೇವೆ. ಇಲ್ಲಿ ಯಾಕೆ ಕಳೆಯೋದು?” ಎಂದು ಕೇಳಿದಳು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬಿದ್ದ ಹುಡುಗಿ ಅವಳು. ನಾವು ಕೊಟ್ಟ ಉತ್ತರ: “ಅದು ನಿಯಮ ಮಗಳೇ. ಪರೀಕ್ಷೆಗೆ ಅಷ್ಟು ಸಾಕು.” ಅವಳು ಕುಳಿತಳು. ಆಮೇಲೆ ಏನನ್ನೂ ಕೇಳಲಿಲ್ಲ.

ಪರೀಕ್ಷೆಯಲ್ಲಿ ಅವಳಿಗೆ ಹಾಡು ತಿರುಗುಮುರುಗಾಯಿತು. ಯು ಮೊದಲೋ ವಿ ಮೊದಲೋ ನೆನಪಾಗದೆ ಒಂದು ಲೆಕ್ಕದಲ್ಲಿ ಹೀಗೆ, ಇನ್ನೊಂದರಲ್ಲಿ ಹಾಗೆ ಬರೆದಿದ್ದಳು. ಅಂಕಪಟ್ಟಿ ಬಂದ ವಾರವೇ ಅವಳ ತಂದೆ ನಮ್ಮ ಮನೆಗೆ ಬಂದರು. “ಮಾಸ್ಟ್ರೇ, ಬರುವ ವರ್ಷ ಇವಳನ್ನು ಆರ್ಟ್ಸಿಗೆ ಹಾಕ್ತೇನೆ. ಲೆಕ್ಕ ಇವಳ ತಲೆಗೆ ಹೋಗುದಿಲ್ಲಂತೆ” ಎಂದರು. ಆರ್ಟ್ಸ್ ಕಡಿಮೆಯೆಂದು ನಾವು ಹೇಳುವುದಿಲ್ಲ. ಇಷ್ಟಪಟ್ಟು ಹೋದರೆ ಅದೂ ಒಳ್ಳೆಯ ದಾರಿಯೇ. ಆದರೆ ಈ ಹುಡುಗಿ ಹೋಗಲು ಹೊರಟದ್ದು ಇಷ್ಟದಿಂದಲ್ಲ. ಅವಳು ಕೇಳಿದ ಸರಿಯಾದ ಪ್ರಶ್ನೆಗೆ ನಾವು ಉತ್ತರ ಕೊಡದೆ ಇದ್ದುದರಿಂದ. ನಾವು ಒಂದು ವಾರದ ಸಮಯ ಕೇಳಿದೆವು. ಆ ವಾರ ಅವಳೊಡನೆ ಕುಳಿತು ಮಾಡಿದ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು

ಅಚ್ಚಿನ ಅನುಕೂಲಕ್ಕಾಗಿ ಸೂತ್ರಗಳಲ್ಲೂ ಕನ್ನಡ ಅಕ್ಷರಗಳನ್ನೇ ಬಳಸಿದ್ದೇವೆ. ನೀವು ತರಗತಿಯಲ್ಲಿ ಉಚ್ಚರಿಸುವಂತೆಯೇ ಎಕ್ಸ್, ಯು, ವಿ ಎಂದು ಓದಿಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಫಂಕ್ಷನ್ ಎಂದಿರುವುದನ್ನು ಕನ್ನಡದಲ್ಲಿ ಉತ್ಪನ್ನ ಎನ್ನುತ್ತೇವೆ. ಡೆರಿವೇಟಿವ್ ಎಂದರೆ ನಿಷ್ಪನ್ನ. ಯು′ ಎಂಬುದನ್ನು ಯು ಡ್ಯಾಶ್ ಎಂದು ಓದಿ. ಅದು ಯು ಎಂಬುದರ ನಿಷ್ಪನ್ನ, ಅಂದರೆ ಯು ಬದಲಾಗುತ್ತಿರುವ ದರ. ಭಿನ್ನರಾಶಿಯ ಮೇಲಿನದು ಅಂಶ, ಕೆಳಗಿನದು ಛೇದ. ಈ ಪಾಠದುದ್ದಕ್ಕೂ ಯು ಅಂಶ, ವಿ ಛೇದ.

ಮೊದಲ ಊಹೆ ಏಕೆ ತಪ್ಪು?

ಎರಡು ಉತ್ಪನ್ನಗಳನ್ನು ಕೂಡಿಸಿದರೆ ಅವುಗಳ ನಿಷ್ಪನ್ನಗಳನ್ನೂ ಕೂಡಿಸಿದರೆ ಸಾಕು. ಹಾಗಾದರೆ ಭಾಗಿಸಿದಾಗಲೂ ಮೇಲಿನದರ ನಿಷ್ಪನ್ನವನ್ನು ಕೆಳಗಿನದರ ನಿಷ್ಪನ್ನದಿಂದ ಭಾಗಿಸಿದರೆ ಮುಗಿಯಿತಲ್ಲ? ಯಾರಿಗಾದರೂ ಮೊದಲು ಹೊಳೆಯುವುದು ಇದೇ. ಪರೀಕ್ಷಿಸಿ ನೋಡೋಣ.

ಎಕ್ಸ್³ ಅನ್ನು ಎಕ್ಸ್‌ನಿಂದ ಭಾಗಿಸಿ. ಎಕ್ಸ್ ಸೊನ್ನೆಯಲ್ಲದಿರುವಾಗ ಬರುವುದು ಎಕ್ಸ್². ಅದರ ನಿಷ್ಪನ್ನ 2ಎಕ್ಸ್ ಎಂಬುದು ನಿಮಗೆ ಗೊತ್ತು. ಈಗ ಊಹೆಯ ದಾರಿಯಲ್ಲಿ ಹೋಗಿ. ಮೇಲಿನದರ ನಿಷ್ಪನ್ನ 3ಎಕ್ಸ್², ಕೆಳಗಿನದರದ್ದು 1. ಭಾಗಿಸಿದರೆ 3ಎಕ್ಸ್². ಎಕ್ಸ್ = 1 ಎಂದು ಹಾಕಿದರೆ ಸರಿಯುತ್ತರ 2, ಊಹೆಯ ಉತ್ತರ 3. ಊಹೆ ಬಿದ್ದುಹೋಯಿತು.

ಇದನ್ನು ಊಹಿಸಿದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಕಲನಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ 1675ರ ನವೆಂಬರ್‌ನಲ್ಲಿ ಪ್ಯಾರಿಸಿನಲ್ಲಿದ್ದಾಗ, ಗುಣಾಕಾರ ಮತ್ತು ಭಾಗಾಕಾರಗಳಿಗೆ ಇಂಥದೇ ಸರಳ ನಿಯಮ ಇರಬಹುದೇ ಎಂದು ತನ್ನ ಟಿಪ್ಪಣಿಯಲ್ಲಿ ಪ್ರಶ್ನೆ ಹಾಕಿಕೊಂಡಿದ್ದ. ಉದಾಹರಣೆ ಹಾಕಿ ನೋಡಿ, ಆಗುವುದಿಲ್ಲ ಎಂದು ಕಂಡುಕೊಂಡ. ಸರಿಯಾದ ನಿಯಮಗಳನ್ನು ಅಚ್ಚಿನಲ್ಲಿ ಪ್ರಕಟಿಸಿದ್ದು 1684ರಲ್ಲಿ, ಲೈಪ್ಸಿಗ್‌ನ ಆಕ್ಟಾ ಎರುಡಿಟೋರಮ್ ಎಂಬ ಪತ್ರಿಕೆಯಲ್ಲಿ. ಅಷ್ಟು ದೊಡ್ಡ ಪಂಡಿತನೂ ಊಹಿಸಿದ, ಪರೀಕ್ಷಿಸಿದ, ತಿದ್ದಿಕೊಂಡ. ನಾವು ಮಕ್ಕಳಿಗೆ ಕಲಿಸಬೇಕಾದದ್ದು ಈ ಮೂರು ಹೆಜ್ಜೆಗಳನ್ನು.

ಪಾಲಿನ ಲೆಕ್ಕ

ಈಗ ಗಣಿತದ ಪುಸ್ತಕ ಮುಚ್ಚಿ. ವಿದ್ಯಾರ್ಥಿವೇತನದ ಲೆಕ್ಕ ಮಾಡೋಣ. ಇದು ಪಾಠಕ್ಕಾಗಿ ಹಾಕಿಕೊಂಡ ಲೆಕ್ಕ, ವರದಿಯ ಅಂಕಿಅಂಶ ಅಲ್ಲ.

ಒಂದು ನಿಧಿಯಲ್ಲಿ ಹಂಚಲು 2,00,000 ರೂಪಾಯಿ ಇದೆ. ಮಕ್ಕಳು 40. ಸಮನಾಗಿ ಹಂಚಿದರೆ ತಲಾ 5,000. ನಿಧಿ ವರ್ಷಕ್ಕೆ 20,000ದಂತೆ ಹೆಚ್ಚುತ್ತಿದೆ. ಮಕ್ಕಳ ಸಂಖ್ಯೆ ವರ್ಷಕ್ಕೆ 5ರಂತೆ ಹೆಚ್ಚುತ್ತಿದೆ. ಹಾಗಾದರೆ ಒಬ್ಬರ ಪಾಲು ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ?

ಎರಡು ಭಾಗ ಮಾಡಿ ನೋಡಿ.

ಮೊದಲನೆಯದು, ಹೆಚ್ಚಿದ ಹಣ. 20,000ವನ್ನು 40 ಮಕ್ಕಳಿಗೆ ಹಂಚಿದರೆ ತಲಾ 500 ಹೆಚ್ಚುತ್ತದೆ.

ಎರಡನೆಯದು, ಹೆಚ್ಚಿದ ಮಕ್ಕಳು. ಹೊಸ 5 ಮಕ್ಕಳಿಗೂ 5,000ದಂತೆ ಕೊಡಬೇಕಾದರೆ 25,000 ಬೇಕು. ಆ ಹಣವನ್ನು ಮೊದಲಿನ 40 ಮಂದಿಯ ಪಾಲಿನಿಂದಲೇ ತೆಗೆಯಬೇಕು. ತಲಾ 625 ಕಡಿಮೆಯಾಗುತ್ತದೆ.

500 ಬಂತು, 625 ಹೋಯಿತು. ಒಟ್ಟು ಪರಿಣಾಮ 125 ರೂಪಾಯಿ ಇಳಿಕೆ.

ಈ ಲೆಕ್ಕವನ್ನು ನಾವು ಹಾಕುತ್ತಿದ್ದಾಗ ಹುಡುಗಿಯ ತಂದೆ ಪಕ್ಕದ ಬೆಂಚಿನಲ್ಲೇ ಕುಳಿತಿದ್ದರು. ಹಲವು ವರ್ಷ ಮೀನುಗಾರಿಕೆ ಬೋಟಿನಲ್ಲಿ ದುಡಿದವರು. ಬಂದ ಮೀನಿನ ಹಣವನ್ನು ಪಾಲು ಹಾಕಿ ಹಂಚಿಕೊಳ್ಳುವುದು ಅವರಿಗೆ ದಿನನಿತ್ಯದ ಸಂಗತಿ. ಅವರು ನಕ್ಕು, “ಇದರಲ್ಲಿ ಎಂತ ಉಂಟು ಮಾಸ್ಟ್ರೇ? ಮೀನು ಹೆಚ್ಚಾದರೆ ಪಾಲು ಹೆಚ್ಚು, ಜನ ಹೆಚ್ಚಾದರೆ ಪಾಲು ಕಡಿಮೆ. ಎರಡೂ ಹೆಚ್ಚಾದರೆ ಒಂದರಿಂದ ಒಂದು ಕಳೀಬೇಕಲ್ಲ?” ಎಂದರು.

ಮಗಳು ಕೇಳಿದ್ದ ಪ್ರಶ್ನೆಗೆ ಉತ್ತರ ಅದೇ. ನಾವು ಕೊಡದೆ ಇದ್ದ ಉತ್ತರವನ್ನು ತಂದೆ ಕೊಟ್ಟರು. ಗುಣಾಕಾರದಲ್ಲಿ ಯಾವುದು ಬೆಳೆದರೂ ಫಲ ಬೆಳೆಯುತ್ತದೆ, ಆದ್ದರಿಂದ ಕೂಡಿಸುತ್ತೇವೆ. ಭಾಗಾಕಾರದಲ್ಲಿ ಮೇಲಿನದು ಬೆಳೆದರೆ ಫಲ ಬೆಳೆಯುತ್ತದೆ, ಕೆಳಗಿನದು ಬೆಳೆದರೆ ಫಲ ಕುಗ್ಗುತ್ತದೆ. ಆದ್ದರಿಂದ ಮೇಲಿನದರ ಪರಿಣಾಮದಿಂದ ಕೆಳಗಿನದರ ಪರಿಣಾಮವನ್ನು ಕಳೆಯುತ್ತೇವೆ. ಇಲ್ಲಿ ಅಂಶ, ಛೇದ ಎರಡೂ ಧನ ಸಂಖ್ಯೆಗಳು ಎಂಬುದನ್ನು ಗಮನಿಸಿ. ಋಣ ಸಂಖ್ಯೆಗಳು ಬಂದಾಗಲೂ ಸೂತ್ರ ಅದೇ, ಚಿಹ್ನೆಗಳನ್ನು ಸೂತ್ರವೇ ನೋಡಿಕೊಳ್ಳುತ್ತದೆ.

ಪಾಲಿನಿಂದ ಸೂತ್ರಕ್ಕೆ

ಮೇಲಿನ ಎರಡು ಭಾಗಗಳನ್ನು ಅಕ್ಷರಗಳಲ್ಲಿ ಬರೆಯಿರಿ. ಬಂದ 500 ಎಂದರೆ ಯು′ ÷ ವಿ. ಹೋದ 625 ಎಂದರೆ ಹೊಸ ಮಕ್ಕಳ ಸಂಖ್ಯೆ ವಿ′ ಇಂಟು ಒಬ್ಬರ ಪಾಲು ಯು ÷ ವಿ, ಅದನ್ನು ಮತ್ತೆ ವಿ ಮಂದಿಯಿಂದ ತೆಗೆಯಬೇಕು, ಅಂದರೆ (ಯು × ವಿ′) ÷ ವಿ². ಒಂದರಿಂದ ಒಂದು ಕಳೆದು ಛೇದವನ್ನು ಸಮ ಮಾಡಿದರೆ:

(ಯು ÷ ವಿ)′ = (ವಿ × ಯು′ − ಯು × ವಿ′) ÷ ವಿ²

ಇದೇ ಭಾಗಲಬ್ಧ ನಿಯಮ. ನಮ್ಮ ಅಂಕಿಗಳನ್ನು ಹಾಕಿ ನೋಡಿ:

(40 × 20,000 − 2,00,000 × 5) ÷ 1,600 = (8,00,000 − 10,00,000) ÷ 1,600 = −125

ಕೆಳಗೆ ವಿ² ಏಕೆ ಬಂತು ಎಂಬುದೂ ಈಗ ತಿಳಿಯಿತು. ಒಬ್ಬರ ಪಾಲು ಎಷ್ಟೆಂದು ತಿಳಿಯಲು ಒಮ್ಮೆ ವಿ ಯಿಂದ ಭಾಗಿಸಿದೆವು. ಹೊಸಬರಿಗೆ ಕೊಡಲು ಎಲ್ಲರಿಂದ ಎಷ್ಟು ತೆಗೆಯಬೇಕು ಎಂದು ತಿಳಿಯಲು ಇನ್ನೊಮ್ಮೆ ಭಾಗಿಸಿದೆವು.

125ಕ್ಕೂ 111ಕ್ಕೂ ಏನು ವ್ಯತ್ಯಾಸ?

ಆ ಹುಡುಗಿ ಇಲ್ಲಿಗೆ ನಿಲ್ಲಿಸಲಿಲ್ಲ. ಕ್ಯಾಲ್ಕುಲೇಟರಿನಲ್ಲಿ ಮುಂದಿನ ವರ್ಷದ ಲೆಕ್ಕ ಮಾಡಿದಳು. ನಿಧಿ 2,20,000, ಮಕ್ಕಳು 45, ಒಬ್ಬರಿಗೆ 4,888 ರೂಪಾಯಿ 89 ಪೈಸೆ. “ಸರ್, ಇಳಿದದ್ದು 111 ರೂಪಾಯಿ. ನಿಮ್ಮ ಸೂತ್ರ 125 ಹೇಳ್ತದೆ” ಎಂದಳು. ಈ ಸಲ ನಾವು ಕುಳಿತುಕೋ ಎನ್ನಲಿಲ್ಲ.

ಎರಡು ಭಿನ್ನರಾಶಿಗಳನ್ನು ಕಳೆಯುವುದು ನಿಮಗೆ ಚಿಕ್ಕ ತರಗತಿಯಿಂದಲೇ ಗೊತ್ತು. ಯು ಎಂಬುದು ಪ ದಷ್ಟು ಹೆಚ್ಚಲಿ, ವಿ ಎಂಬುದು ಬ ದಷ್ಟು ಹೆಚ್ಚಲಿ. ಹೊಸ ಪಾಲಿನಿಂದ ಹಳೆಯ ಪಾಲನ್ನು ಕಳೆಯಿರಿ:

(ಯು + ಪ) ÷ (ವಿ + ಬ) − ಯು ÷ ವಿ

ಅಡ್ಡ ಗುಣಿಸಿದರೆ ಅಂಶದಲ್ಲಿ ಬರುವುದು ವಿ × (ಯು + ಪ) − ಯು × (ವಿ + ಬ). ಬಿಡಿಸಿದಾಗ ವಿ × ಯು ಎಂಬುದು ಎರಡು ಕಡೆಯಿಂದ ಹೊಡೆದುಹೋಗುತ್ತದೆ. ಉಳಿಯುವುದು:

(ವಿ × ಪ − ಯು × ಬ) ÷ [ವಿ × (ವಿ + ಬ)]

ಅಂಶವನ್ನು ನೋಡಿ, ಅದೇ ರೂಪ, ಅದೇ ಕಳೆಯುವ ಚಿಹ್ನೆ. ಛೇದದಲ್ಲಿ ಮಾತ್ರ 40 × 40 ಅಲ್ಲ, 40 × 45. ಅಂದರೆ −2,00,000 ÷ 1,800. ಅದೇ 111. ಕೊರತೆಯ ಹೊರೆಯನ್ನು ಹೊಸ ಐದು ಮಕ್ಕಳೂ ಹೊತ್ತುಕೊಂಡದ್ದರಿಂದ ತಲಾ ಸ್ವಲ್ಪ ಹಗುರವಾಯಿತು.

ಈಗ ಒಂದು ವರ್ಷದ ಬದಲು ತೀರಾ ಚಿಕ್ಕ ಅವಧಿಯನ್ನು ತೆಗೆದುಕೊಳ್ಳಿ. ಮೇಲಿನ ವ್ಯತ್ಯಾಸವನ್ನು ಆ ಅವಧಿಯಿಂದ ಭಾಗಿಸಿ. ಪ ಭಾಗಿಸು ಅವಧಿ ಎಂಬುದು ಯು′ ಕಡೆಗೂ, ಬ ಭಾಗಿಸು ಅವಧಿ ಎಂಬುದು ವಿ′ ಕಡೆಗೂ ಸಾಗುತ್ತದೆ. ಬ ಸೊನ್ನೆಯ ಕಡೆಗೆ ಹೋದಂತೆ ವಿ + ಬ ಎಂಬುದು ವಿ ಆಗುತ್ತದೆ, ಛೇದ ವಿ² ಆಗುತ್ತದೆ. ಮಿತಿಯ ಮೂಲಕ ಮಾಡುವ ಸಾಧನೆ ಇದೇ. ನಿಜದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಸೇರುತ್ತಾರೆ, ಕಾಲು ಮಗು ಅರ್ಧ ಮಗು ಸೇರುವುದಿಲ್ಲ. ಪಾಠಕ್ಕಾಗಿ ಸಂಖ್ಯೆ ನಯವಾಗಿ ಏರುತ್ತದೆ ಎಂದು ಭಾವಿಸಿಕೊಂಡೆವು. ಹಾಗೆಯೇ ವಿ ಎಂದೂ ಸೊನ್ನೆ ಆಗಬಾರದು ಎಂಬ ನಿಬಂಧನೆಯನ್ನು ಮರೆಯಬೇಡಿ. ಮಕ್ಕಳೇ ಇಲ್ಲದ ಕಡೆ ಪಾಲಿನ ಮಾತೇ ಇಲ್ಲ.

ಮೂರು ಮಾದರಿ ಲೆಕ್ಕಗಳು

ಲೆಕ್ಕಕ್ಕೆ ಕೈಹಾಕುವ ಮೊದಲು ನಾಲ್ಕು ಸಾಲು ಬರೆದುಕೊಳ್ಳಿ: ಯು ಏನು, ವಿ ಏನು, ಯು′ ಏನು, ವಿ′ ಏನು. ಅರ್ಧ ನಿಮಿಷ ಹೋಗುತ್ತದೆ, ಆದರೆ ತಪ್ಪುಗಳು ಬಹಳಷ್ಟು ಕಡಿಮೆಯಾಗುತ್ತವೆ.

ಮೊದಲನೆಯದು: (2ಎಕ್ಸ್ + 3) ÷ (ಎಕ್ಸ್² + 1).
ಯು = 2ಎಕ್ಸ್ + 3, ವಿ = ಎಕ್ಸ್² + 1, ಯು′ = 2, ವಿ′ = 2ಎಕ್ಸ್.
ಅಂಶ: (ಎಕ್ಸ್² + 1) × 2 − (2ಎಕ್ಸ್ + 3) × 2ಎಕ್ಸ್ = 2ಎಕ್ಸ್² + 2 − 4ಎಕ್ಸ್² − 6ಎಕ್ಸ್ = 2 − 6ಎಕ್ಸ್ − 2ಎಕ್ಸ್².
ಉತ್ತರ: (2 − 6ಎಕ್ಸ್ − 2ಎಕ್ಸ್²) ÷ (ಎಕ್ಸ್² + 1)².

ಸರಿಯಿದೆಯೇ ಎಂದು ನೀವೇ ನೋಡಬಹುದು. ಎಕ್ಸ್ = 0 ಇರುವಲ್ಲಿ ಉತ್ತರ 2 ಎನ್ನುತ್ತದೆ. ಮೂಲ ಭಿನ್ನರಾಶಿಯಲ್ಲಿ ಎಕ್ಸ್ = 0 ಹಾಕಿದರೆ 3 ಬರುತ್ತದೆ, ಎಕ್ಸ್ = 0.01 ಹಾಕಿದರೆ ಸುಮಾರು 3.0197. ಹೆಚ್ಚಳ 0.0197, ಅದನ್ನು 0.01ರಿಂದ ಭಾಗಿಸಿದರೆ 1.97. ಎರಡರ ಹತ್ತಿರ ಬಂತು. ಉತ್ತರ ನಂಬಬಹುದು.

ಎರಡನೆಯದು: ಟ್ಯಾನ್ ಎಕ್ಸ್. ಇದು ಸೈನ್ ಎಕ್ಸ್ ÷ ಕಾಸ್ ಎಕ್ಸ್.
ಯು′ = ಕಾಸ್ ಎಕ್ಸ್, ವಿ′ = −ಸೈನ್ ಎಕ್ಸ್.
ಅಂಶ: ಕಾಸ್ ಎಕ್ಸ್ × ಕಾಸ್ ಎಕ್ಸ್ − ಸೈನ್ ಎಕ್ಸ್ × (−ಸೈನ್ ಎಕ್ಸ್) = ಕಾಸ್² ಎಕ್ಸ್ + ಸೈನ್² ಎಕ್ಸ್ = 1.
ಉತ್ತರ: 1 ÷ ಕಾಸ್² ಎಕ್ಸ್, ಅಂದರೆ ಸೆಕ್² ಎಕ್ಸ್.
ಇಲ್ಲಿ ಎರಡು ಕಳೆಯುವ ಚಿಹ್ನೆಗಳು ಸೇರಿ ಕೂಡಿಸುವ ಚಿಹ್ನೆ ಆಯಿತು. ಆವರಣ ಹಾಕದೆ ಬರೆದವರು ಇಲ್ಲೇ ಜಾರುತ್ತಾರೆ.

ಮೂರನೆಯದು: 1 ÷ ವಿ. ಮೇಲೆ ಸ್ಥಿರಾಂಕ, ಆದ್ದರಿಂದ ಯು′ = 0. ಉತ್ತರ −ವಿ′ ÷ ವಿ². ಉದಾಹರಣೆಗೆ 1 ÷ ಎಕ್ಸ್ ಎಂಬುದರ ನಿಷ್ಪನ್ನ −1 ÷ ಎಕ್ಸ್².

ಈ ಮೂರನೆಯದನ್ನು ಜೇಬಿನಲ್ಲಿಟ್ಟುಕೊಳ್ಳಿ. ಪರೀಕ್ಷಾ ಕೊಠಡಿಯಲ್ಲಿ ಯು ಮೊದಲೋ ವಿ ಮೊದಲೋ ಎಂದು ಅನುಮಾನ ಬಂದರೆ, ನಿಮಗೆ ನೆನಪಿರುವ ಸೂತ್ರದಲ್ಲಿ ಯು = 1, ವಿ = ಎಕ್ಸ್ ಹಾಕಿ ನೋಡಿ. ಒಂದು ರೊಟ್ಟಿಯನ್ನು ಹೆಚ್ಚು ಹೆಚ್ಚು ಜನರಿಗೆ ಹಂಚುತ್ತಾ ಹೋದರೆ ತುಂಡು ಚಿಕ್ಕದಾಗಲೇಬೇಕು. ಉತ್ತರ ಋಣ ಚಿಹ್ನೆಯಲ್ಲಿ ಬಂದರೆ ನಿಮ್ಮ ಸೂತ್ರ ಸರಿ. ಧನ ಚಿಹ್ನೆಯಲ್ಲಿ ಬಂದರೆ ಕ್ರಮ ತಿರುಗಿದೆ.

ನೋಟ್ ಪುಸ್ತಕಗಳಲ್ಲಿ ಕಾಣುವ ತಪ್ಪುಗಳು

1. ಕ್ರಮ ತಿರುಗಿಸುವುದು. ಗುಣಾಕಾರದ ನಿಯಮದಲ್ಲಿ ಯಾವುದು ಮೊದಲಾದರೂ ನಡೆಯುತ್ತದೆ, ಕೂಡಿಸುವುದಲ್ಲವೇ? ಇಲ್ಲಿ ನಡೆಯುವುದಿಲ್ಲ. ಮೇಲಿನದರ ನಿಷ್ಪನ್ನ ಇರುವ ಪದವೇ ಮೊದಲು.

2. ಕಳೆಯುವ ಚಿಹ್ನೆಯ ನಂತರ ಆವರಣ ಹಾಕದಿರುವುದು. ಮೊದಲ ಮಾದರಿಯಲ್ಲಿ ಆವರಣ ಬಿಟ್ಟರೆ −6ಎಕ್ಸ್ ಎಂಬುದು +6ಎಕ್ಸ್ ಆಗಿಬಿಡುತ್ತದೆ.

3. ಅಂಶದ ಒಂದೇ ಪದದಿಂದ ವಿ ಯನ್ನು ಹೊಡೆದುಹಾಕುವುದು. ಮೇಲಿನ ಎರಡೂ ಪದಗಳಲ್ಲಿ ವಿ ಇದ್ದರೆ ಮಾತ್ರ ಹೊಡೆಯಬಹುದು.

4. ಕೆಳಗಿನ ವರ್ಗವನ್ನು ಮರೆಯುವುದು, ಇಲ್ಲವೇ ಕಾರಣವಿಲ್ಲದೆ ಅದನ್ನು ಬಿಡಿಸುತ್ತಾ ಕೂರುವುದು. (ಎಕ್ಸ್² + 1)² ಎಂದು ಹಾಗೆಯೇ ಬಿಟ್ಟರೆ ಸಾಕು.

5. ಬೇಡದ ಕಡೆ ನಿಯಮ ಬಳಸುವುದು. (ಎಕ್ಸ್² + 3ಎಕ್ಸ್) ÷ 7 ಎಂದಿದ್ದರೆ ಕೆಳಗಿರುವುದು ಬರೇ ಸಂಖ್ಯೆ. ಉತ್ತರ (2ಎಕ್ಸ್ + 3) ÷ 7. (ಎಕ್ಸ್³ + 5ಎಕ್ಸ್) ÷ ಎಕ್ಸ್ ಎಂದಿದ್ದರೆ ಮೊದಲು ಭಾಗಿಸಿ, ಎಕ್ಸ್² + 5 ಮಾಡಿಕೊಳ್ಳಿ, ಉತ್ತರ 2ಎಕ್ಸ್. ಬಾಗಿಲು ತೆರೆದಿರುವಾಗ ಗೋಡೆ ಹತ್ತುವುದು ಬೇಡ.

ಸೂತ್ರವೇ ಮರೆತರೆ?

ಗುಣಾಕಾರದ ನಿಯಮ ಗೊತ್ತಿದ್ದರೆ ಇದನ್ನು ಎರಡು ಸಾಲಿನಲ್ಲಿ ಮರಳಿ ಪಡೆಯಬಹುದು. ಭಾಗಲಬ್ಧವನ್ನು ಕ್ಯೂ ಎನ್ನಿ. ಕ್ಯೂ = ಯು ÷ ವಿ ಆದ್ದರಿಂದ ಯು = ಕ್ಯೂ × ವಿ. ಎರಡು ಕಡೆಯೂ ನಿಷ್ಪನ್ನ ತೆಗೆದರೆ ಯು′ = ಕ್ಯೂ′ × ವಿ + ಕ್ಯೂ × ವಿ′. ಇದರಿಂದ ಕ್ಯೂ′ = (ಯು′ − ಕ್ಯೂ × ವಿ′) ÷ ವಿ. ಕ್ಯೂ ಇರುವಲ್ಲಿ ಯು ÷ ವಿ ಹಾಕಿ ಸರಿಪಡಿಸಿದರೆ ನಮ್ಮ ಸೂತ್ರವೇ ಬರುತ್ತದೆ. ಈ ದಾರಿಯಲ್ಲಿ ಕ್ಯೂಗೆ ನಿಷ್ಪನ್ನ ಇದೆ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಆದ್ದರಿಂದ ಸಾಧಿಸಿ ಎಂದು ಕೇಳಿದರೆ ಮಿತಿಯ ದಾರಿ ಹಿಡಿಯಿರಿ, ನೆನಪಿಗೆ ಇದು ಸಾಕು.

ನಮ್ಮ ಪಕ್ಕದ ನಾಡಿನಲ್ಲಿ

ಇವೆಲ್ಲ ಯುರೋಪಿನಿಂದಲೇ ಬಂದವು ಎಂದು ಮಕ್ಕಳು ತಿಳಿದಿರುತ್ತಾರೆ. ಲೈಬ್ನಿಟ್ಸ್‌ಗಿಂತ ಮೊದಲು, ಸುಮಾರು 1550ರಿಂದ 1621ರವರೆಗೆ, ಕೇರಳದ ತಿರೂರು ಬಳಿಯ ತೃಕ್ಕಂಡಿಯೂರಿನಲ್ಲಿ ಅಚ್ಯುತ ಪಿಷಾರಡಿ ಎಂಬ ಖಗೋಳಜ್ಞರಿದ್ದರು. ಗ್ರಹದ ಸ್ಥಾನವನ್ನು ಸರಿಪಡಿಸುವ ಒಂದು ಲೆಕ್ಕದಲ್ಲಿ ಮೇಲೂ ಕೆಳಗೂ ಬದಲಾಗುತ್ತಲೇ ಇರುವ ಪರಿಮಾಣಗಳ ಭಿನ್ನರಾಶಿ ಬರುತ್ತದೆ. ಗ್ರಹದ ಆ ಕ್ಷಣದ ವೇಗ ಬೇಕಾದರೆ ಆ ಭಾಗಲಬ್ಧ ಬದಲಾಗುವ ದರ ಬೇಕು. ಪಿಷಾರಡಿ ತಮ್ಮ ಸ್ಫುಟನಿರ್ಣಯತಂತ್ರ ಎಂಬ ಗ್ರಂಥದಲ್ಲಿ ಅದನ್ನು ಸರಿಯಾಗಿ ಕೊಟ್ಟಿದ್ದಾರೆ. ಅವರು ನಮ್ಮಂತೆ ಸಾಮಾನ್ಯ ಸೂತ್ರವಾಗಿ ಬರೆದದ್ದಲ್ಲ, ಆ ಗ್ರಹಗಣಿತಕ್ಕೆ ಬೇಕಾದಷ್ಟನ್ನು ಬರೆದರು. ಆದರೂ ನಮ್ಮದೇ ಕರಾವಳಿಯ ದಕ್ಷಿಣಕ್ಕೆ, ತಾಳೆಗರಿಯ ಕಾಲದಲ್ಲಿ, ಈ ಲೆಕ್ಕ ನಡೆದಿತ್ತು ಎಂಬುದು ತಿಳಿದಿರಲಿ.

ಪೋಷಕರಿಗೂ ಒಂದು ಲೆಕ್ಕ

ಸೂತ್ರವನ್ನು ಪಾಲಿನಿಂದಲೇ ಭಾಗಿಸಿದರೆ ಇನ್ನೂ ಸರಳವಾದ ರೂಪ ಸಿಗುತ್ತದೆ. ಪಾಲಿನ ಶೇಕಡಾ ಏರಿಕೆ ಎಂದರೆ ಮೇಲಿನದರ ಶೇಕಡಾ ಏರಿಕೆಯಿಂದ ಕೆಳಗಿನದರ ಶೇಕಡಾ ಏರಿಕೆಯನ್ನು ಕಳೆದದ್ದು. ನಮ್ಮ ಲೆಕ್ಕದಲ್ಲಿ ನಿಧಿ ಶೇಕಡಾ 10ರಂತೆ, ಮಕ್ಕಳು ಶೇಕಡಾ 12.5ರಂತೆ ಹೆಚ್ಚುತ್ತಿದ್ದರು. ಪಾಲು ಶೇಕಡಾ 2.5ರಂತೆ ಇಳಿಯುತ್ತದೆ. 5,000ಕ್ಕೆ ಶೇಕಡಾ 2.5 ಎಂದರೆ ಅದೇ 125. ಇದು ಆ ಕ್ಷಣದ ದರದ ಲೆಕ್ಕ. ಇಡೀ ವರ್ಷದ ದೊಡ್ಡ ಬದಲಾವಣೆಗೆ ಹಾಕಿದರೆ ಉತ್ತರ ಅಂದಾಜಾಗಿರುತ್ತದೆ.

ಪತ್ರಿಕೆಯಲ್ಲಿ ತಲಾ ಆದಾಯದ ಸುದ್ದಿ ಓದುವಾಗ, ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂದು ನೋಡುವಾಗ, ಕೊನೆಗೆ ಇಂಥ ವರದಿಯಲ್ಲಿ ಈ ವರ್ಷ ಹೆಚ್ಚು ಹಣ ಹಂಚಿದ್ದೇವೆ ಎಂಬ ಸಾಲು ಓದುವಾಗಲೂ ಇದೇ ಪ್ರಶ್ನೆ ಹಾಕಿ: ಕೆಳಗಿನ ಸಂಖ್ಯೆ ಎಷ್ಟು ಹೆಚ್ಚಿತು? ಮೇಲಿನದನ್ನು ಮಾತ್ರ ತೋರಿಸುವ ಲೆಕ್ಕ ಅರ್ಧ ಲೆಕ್ಕ.

ಅಭ್ಯಾಸಕ್ಕೆ

1. (ಎಕ್ಸ್ − 1) ÷ (ಎಕ್ಸ್ + 1)
2. ಎಕ್ಸ್ ÷ (1 + ಎಕ್ಸ್²)
3. ಸೈನ್ ಎಕ್ಸ್ ÷ ಎಕ್ಸ್
4. ಕಾಟ್ ಎಕ್ಸ್, ಅಂದರೆ ಕಾಸ್ ಎಕ್ಸ್ ÷ ಸೈನ್ ಎಕ್ಸ್
5. ನಿಧಿ 3,00,000, ಮಕ್ಕಳು 50. ನಿಧಿ ವರ್ಷಕ್ಕೆ 45,000ದಂತೆ, ಮಕ್ಕಳು 6ರಂತೆ ಹೆಚ್ಚುತ್ತಿದ್ದಾರೆ. ಪಾಲು ಯಾವ ದರದಲ್ಲಿ ಬದಲಾಗುತ್ತಿದೆ? ಶೇಕಡಾ ದಾರಿಯಲ್ಲೂ ಮಾಡಿ ತಾಳೆ ನೋಡಿ.

ಉತ್ತರಗಳು: 1) 2 ÷ (ಎಕ್ಸ್ + 1)². 2) (1 − ಎಕ್ಸ್²) ÷ (1 + ಎಕ್ಸ್²)². 3) (ಎಕ್ಸ್ ಕಾಸ್ ಎಕ್ಸ್ − ಸೈನ್ ಎಕ್ಸ್) ÷ ಎಕ್ಸ್². 4) −1 ÷ ಸೈನ್² ಎಕ್ಸ್, ಅಂದರೆ −ಕೊಸೆಕ್² ಎಕ್ಸ್. 5) ವರ್ಷಕ್ಕೆ 180 ರೂಪಾಯಿ ಏರಿಕೆ. 15ರಿಂದ 12 ಕಳೆದರೆ ಶೇಕಡಾ 3, ಪಾಲು 6,000.

ಕೊನೆಯ ಮಾತು

ಆ ಹುಡುಗಿ ಆರ್ಟ್ಸಿಗೆ ಹೋಗಲಿಲ್ಲ. ರ‍್ಯಾಂಕ್ ಬರಲಿಲ್ಲ, ಗಣಿತದಲ್ಲಿ ಸಾಧಾರಣ ಒಳ್ಳೆಯ ಅಂಕ ತೆಗೆದು ದ್ವಿತೀಯ ಪಿಯುಸಿ ಮುಗಿಸಿದಳು, ಬಿ.ಎಸ್ಸಿ.ಗೆ ಸೇರಿದಳು. ರಜೆಯಲ್ಲಿ ಬಂದಾಗ ಸಂಜೆ ತರಗತಿಯ ಮಕ್ಕಳಿಗೆ ಪಾಲಿನ ಲೆಕ್ಕ ಹೇಳಿಕೊಡುವುದು ಈಗ ಅವಳೇ. ನಮಗಿಂತ ಚೆನ್ನಾಗಿ ಹೇಳುತ್ತಾಳೆ.

ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರುವ ಮಕ್ಕಳಿಗೆ ನಮ್ಮ ಮಾತು ಇಷ್ಟೇ. ಶುಲ್ಕ ಕಟ್ಟಲು, ಪುಸ್ತಕ ಕೊಳ್ಳಲು ಹಣ ನೆರವಾಗುತ್ತದೆ. ತರಗತಿಯಲ್ಲಿ ಎದ್ದು ನಿಂತು ಯಾಕೆ ಎಂದು ಕೇಳುವ ಕೆಲಸವನ್ನು ನೀವೇ ಮಾಡಬೇಕು. ಅದು ನಿಯಮ, ಅಷ್ಟು ಸಾಕು ಎಂದು ಯಾರಾದರೂ ಹೇಳಿದರೆ, ಅವರು ನಾವೇ ಆಗಿದ್ದರೂ ಸರಿ, ಕುಳಿತುಕೊಳ್ಳಬೇಡಿ. ಇನ್ನೊಮ್ಮೆ ಕೇಳಿ.